ಹತ್ತು ಗ್ರಾಮಿನ ಬಳೆ

ರೋಡ್ ಬೈಕಿನ ಸೀಟ್‌ಪೋಸ್ಟ್ ಜಾರದಂತೆ ಬಿಗಿಹಿಡಿಯುವ ಪುಟ್ಟ ಬಳೆಯೇ ಕ್ಲ್ಯಾಂಪ್. ಕೊಳ್ಳುವವರು ಮೊದಲು ಎಡವುವುದು ಅಳತೆಯಲ್ಲಿ. ಪೋಸ್ಟಿನ ಮೇಲೆ 27.2 ಎಂದು ಬರೆದಿರುತ್ತದೆ. ಅದೇ ಸಂಖ್ಯೆ ಹೇಳಿ ತಂದರೆ ಕೆಲಸ ಕೆಟ್ಟಂತೆಯೇ. ಕ್ಲ್ಯಾಂಪ್ ಅಪ್ಪಿಕೊಳ್ಳುವುದು ಪೋಸ್ಟನ್ನಲ್ಲ, ಫ್ರೇಮಿನ ಕೊಳವೆಯನ್ನು. ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಹಿಡಿದು ಆ ಕೊಳವೆಯ ಹೊರವ್ಯಾಸ ಅಳೆಯಬೇಕು: ಹಳೆಯ ಸ್ಟೀಲ್ ಫ್ರೇಮುಗಳಲ್ಲಿ ಸಾಮಾನ್ಯವಾಗಿ 28.6 ಮಿಲಿಮೀಟರ್, ಉಳಿದವುಗಳಲ್ಲಿ ಹೆಚ್ಚಾಗಿ 31.8 ಅಥವಾ 34.9. ಅನೇಕ ಏರೋ ಫ್ರೇಮುಗಳಲ್ಲಿ ಕ್ಲ್ಯಾಂಪಿನ ಬದಲು ಪೋಸ್ಟನ್ನು ಹಿಡಿಯುವ ಬೆಣೆ ಒಳಗೇ ಅಡಗಿರುವುದರಿಂದ ಅವುಗಳ ಒಡೆಯರಿಗೆ ಈ ತಲೆನೋವಿಲ್ಲ.

ಇನ್ನು ತೂಕ. ಮಾಮೂಲಿ ಕ್ಲ್ಯಾಂಪ್ ಇಪ್ಪತ್ತು ಮೂವತ್ತು ಗ್ರಾಂ ತೂಗಿದರೆ, ಟೈಟಾನಿಯಂ ಬೋಲ್ಟಿನ ಹಗುರ ಕ್ಲ್ಯಾಂಪ್ ಹತ್ತರ ಆಸುಪಾಸು. ಅಷ್ಟು ಉಳಿತಾಯಕ್ಕೆ ಧಾರಾಳವಾಗಿ ದುಡ್ಡು ಸುರಿದು ನಂದಿ ಬೆಟ್ಟ ಹತ್ತಿದ ಬೆಂಗಳೂರಿನ ಸವಾರರು, ಇಳಿದ ಮೇಲೆ ಎರಡು ಮಸಾಲೆದೋಸೆ ಬಾರಿಸಿ ಲೆಕ್ಕವನ್ನು ಬಡ್ಡಿಸಮೇತ ಚುಕ್ತಾ ಮಾಡುವುದುಂಟು.

ಹಗುರವೆಂದರೆ ಲೋಹ ತೆಳು. ಕೈಬಲ ತೋರಿಸಿ ತಿರುಗಿಸಿದರೆ ಬೋಲ್ಟೋ ಕಾರ್ಬನ್ ಫ್ರೇಮೋ, ಒಂದು ಬಲಿ ಖಂಡಿತ. ಟಾರ್ಕ್ ವ್ರೆಂಚಿನಲ್ಲಿ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಸಾಕು; ತಯಾರಕರು ಹೇಳಿದ ಮಿತಿ ದಾಟಬಾರದು. ಕಾರ್ಬನ್ ಪೋಸ್ಟ್ ಆಗಲೂ ಜಾರಿದರೆ ಗ್ರಿಪ್ ಪೇಸ್ಟ್ ಸವರಬೇಕು. ಅದಕ್ಕೂ ಬಗ್ಗದಿದ್ದರೆ ಗ್ರಾಮುಗಳ ಮೋಹ ಬಿಟ್ಟು ಮಾಮೂಲಿ ಕ್ಲ್ಯಾಂಪನ್ನೇ ಹಾಕುವುದು ವಾಸಿ.