ಡಬ್ಬಿಶಾಸ್ತ್ರಿಗಳ ಮಡಿ

ವಡೋದರಾದ ಕಮಾಟಿಬಾಗ್‌ನಲ್ಲೋ ಅಹಮದಾಬಾದಿನ ಸಾಬರಮತಿ ದಂಡೆಯಲ್ಲೋ ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಮಧ್ಯವಯಸ್ಸಿನ ಗೃಹಸ್ಥರೊಬ್ಬರು ಕಲ್ಲುಬೆಂಚಿನ ತಳಕ್ಕೆ ಮೊಣಕೈವರೆಗೆ ಕೈ ತೂರಿಸಿ ತಡಕುತ್ತಿದ್ದು, ಯಾರಾದರೂ ಹತ್ತಿರ ಸುಳಿದೊಡನೆ ಷೂ ಲೇಸು ಕಟ್ಟಿಕೊಳ್ಳುವ ನಟನೆ ಮಾಡಿದರೆ ಅವರನ್ನು ಕಳ್ಳರೆಂದುಕೊಳ್ಳಬೇಡಿ. (ಎಷ್ಟೋ ಸಲ ಅವರ ಷೂಗೆ ಲೇಸೇ ಇರುವುದಿಲ್ಲ.) ಅವರು ಜಿಯೋಕ್ಯಾಶಿಂಗ್ ಎಂಬ ಹವ್ಯಾಸಕ್ಕೆ ಬಿದ್ದವರು. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿ ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಇನ್ನೊಬ್ಬರು ಮೊಬೈಲಿನ ಜಿಪಿಎಸ್ ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕರೆ ಒಳಗಿನ ಕಾಗದದ ಸುರುಳಿಯಲ್ಲಿ ಹೆಸರು, ತಾರೀಖು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಆಟ ಇಷ್ಟೇ. ಆದರೆ ‘ಇಷ್ಟೇನಾ?’ ಎಂದು ಅವರೆದುರು ಬಾಯಿಬಿಟ್ಟಿರೋ, ನಿಮ್ಮ ಸಂಜೆ ಹೋಯಿತು. ಇವರಿಗೆ ನಾನಿಟ್ಟ ಹೆಸರು ಡಬ್ಬಿಶಾಸ್ತ್ರಿಗಳು. ಸಾಮಾನ್ಯವಾಗಿ ಎಂಜಿನಿಯರು, ಹಜೀರಾದಲ್ಲೋ ಕೊಯಲಿಯಲ್ಲೋ ಕಾರ್ಖಾನೆಯ ನೌಕರಿ. ಕಂಪನಿಯವರು ಜರ್ಮನಿಗೋ ಅಮೆರಿಕಕ್ಕೋ ಕಳಿಸಿದ್ದಾಗ ಅಂಟಿಸಿಕೊಂಡು ಬಂದ ಹವ್ಯಾಸ ಇದು; ಧಾರವಾಡ, ಮೈಸೂರಿನ ಕಡೆಯಿಂದ ಗುಜರಾತಿಗೆ ಹೋಗಿ ನೆಲೆಸಿದ ನಮ್ಮವರಿಗೂ ಅಂಟದ ರೋಗವೇನಲ್ಲ. ಅವರ ಆಟದ ಮೇಲೆ ನನಗೆ ತಕರಾರಿಲ್ಲ. ತಕರಾರಿರುವುದು ಅವರ ಶಿಷ್ಟಾಚಾರದ ಮೇಲೆ. ಅವರು ಪ್ರಾಣದಂತೆ ಕಾಯುವ ನಿಯಮವೊಂದಿದೆ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳಲ್ಲಿ ಅದನ್ನು ಮುರಿಯುವುದೇ ಶಿಷ್ಟಾಚಾರ ಎಂಬುದು ನನ್ನ ವಾದ.

ಆ ನಿಯಮದ ಹುಟ್ಟೂರು ನೋಡಬೇಕು. 2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕದ ಸೇನೆ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ನಾಗರಿಕರಿಗೆ ಕೊಡುತ್ತಿತ್ತು. ಸುಮಾರು 100 ಮೀಟರಿನಷ್ಟು ತಪ್ಪು ಬರುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆ ಕಲಬೆರಕೆ ನಿಲ್ಲಿಸಿದರು. ಮರುದಿನವೋ ಎಂಬಂತೆ, ಮೇ 3ರಂದು, ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಂಚಿನಲ್ಲಿ ಒಂದು ಬಕೆಟ್ ಇಟ್ಟು ಜಾಗದ ಅಂಕಿಗಳನ್ನು ಜಗತ್ತಿಗೆ ತಿಳಿಸಿದ. ಬಕೆಟ್ಟಿನಲ್ಲಿ ಪುಸ್ತಕ, ವಿಡಿಯೋ ಟೇಪು, ಒಂದಷ್ಟು ದುಡ್ಡು, ಕವಣೆ, ಬೀನ್ಸಿನ ಡಬ್ಬಿ ಇದ್ದವು. ಅಂಥ ನಿರ್ಜನ ಜಾಗದಲ್ಲಿ ಹುಟ್ಟಿದ ಆಟಕ್ಕೆ ಗುಟ್ಟು ಸಹಜ. ನೋಡುವವರೇ ಇಲ್ಲ, ಅಪ್ಪಿತಪ್ಪಿ ಬಂದವನು ಡಬ್ಬಿ ಕಂಡರೆ ಹೊತ್ತೊಯ್ದಾನು, ಅಷ್ಟೇ ಭಯ. ಹಾಗಾಗಿ ಆಟ ತಿಳಿಯದ ಸಾಮಾನ್ಯರಿಗೆ ‘ಮಗಲ್’ ಎಂಬ ಹೆಸರಿಟ್ಟರು, ಹ್ಯಾರಿ ಪಾಟರ್ ಕತೆಯಿಂದ ಎತ್ತಿದ್ದು. ಮಗಲ್ ಕಣ್ಣಿಗೆ ಬೀಳದೆ ಡಬ್ಬಿ ತೆಗೆಯಬೇಕು, ಬೀಳದೆ ಇಡಬೇಕು. ಡಬ್ಬಿಯ ವಿವರದ ಜೊತೆ ಹಾಕುವ ಚಿಹ್ನೆಗಳಲ್ಲಿ ‘ಗುಟ್ಟು ಅಗತ್ಯ’ ಎಂಬುದಕ್ಕೂ ಒಂದಿದೆ. ನಮ್ಮ ಶಾಸ್ತ್ರಿಗಳಲ್ಲಿ ಇದು ಮಡಿಯಾಗಿ ನಿಂತಿದೆ: ಮಗಲ್‌ನ ದೃಷ್ಟಿ ತಾಗಿದರೆ ಡಬ್ಬಿಗೆ ಮೈಲಿಗೆ.

ಮಡಿಯ ಜೊತೆ ಶಾಸ್ತ್ರವೂ ದೊಡ್ಡದು. ನೇರವಾಗಿ ಅಂಕಿ ಹಿಡಿದು ಹೋಗುವ ಸಾಂಪ್ರದಾಯಿಕ ಡಬ್ಬಿ ಒಂದು. ಒಂದು ಜಾಗದಿಂದ ಇನ್ನೊಂದಕ್ಕೆ ಓಡಾಡಿಸುವ ‘ಮಲ್ಟಿ’ ಒಂದು. ಒಗಟು ಬಿಡಿಸಿದರೆ ಮಾತ್ರ ಅಂಕಿ ಸಿಗುವ ‘ಮಿಸ್ಟರಿ’ ಒಂದು. ಡಬ್ಬಿಯೇ ಇಲ್ಲದೆ ಬಂಡೆ, ಮಣ್ಣು ನೋಡಿ ಭೂವಿಜ್ಞಾನದ ಪ್ರಶ್ನೆಗೆ ಉತ್ತರ ಕಳಿಸುವ ‘ಅರ್ಥ್‌ಕ್ಯಾಶ್’ ಇನ್ನೊಂದು. ಹುಡುಕುವ ಕಷ್ಟಕ್ಕೆ ಒಂದರಿಂದ ಐದರವರೆಗೆ ಅಂಕ, ನೆಲದ ಕಷ್ಟಕ್ಕೆ ಬೇರೆಯೇ ಐದು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ. ಮೊದಲು ಕಂಡುಹಿಡಿದವರಿಗೆ ವಿಶೇಷ ಹೆಮ್ಮೆ. ಈ ಕಷ್ಟಾಂಕದ ವಿಷಯ ಬಂದಾಗಲೇ ಶಾಸ್ತ್ರಿಗಳು ಅಸಹನೀಯರಾಗುವುದು. ಅದಕ್ಕೆ ಎರಡೂವರೆ ಕೊಟ್ಟಿದ್ದಾರೆ, ಅದು ಎರಡಕ್ಕಿಂತ ಹೆಚ್ಚಿಲ್ಲ ಎಂದು ಶುರುವಾದರೆ ಚಹಾ ಆರುತ್ತದೆ, ಫಾಫಡಾ ಮೆತ್ತಗಾಗುತ್ತದೆ, ಹೆಂಡತಿ ಒಳಗಿನಿಂದ ಮೂರನೇ ಸಲ ಕರೆಯುತ್ತಾರೆ. ಅವರಿನ್ನೂ ಆ ಅರ್ಧ ಅಂಕದ ನ್ಯಾಯಾನ್ಯಾಯದಲ್ಲೇ ಇರುತ್ತಾರೆ. ಎದ್ದು ಬಾಗಿಲವರೆಗೆ ಬಂದವರಿಗೂ ಬಿಡುಗಡೆಯಿಲ್ಲ. ಬಾಗಿಲಲ್ಲಿ ನಿಂತು ಹೇಳುವುದಕ್ಕೆಂದೇ ಅವರು ನೆಲದ ಅಂಕವನ್ನು ಉಳಿಸಿಕೊಂಡಿರುತ್ತಾರೆ. ಕಾಣದೆ ಬರಿಗೈಲಿ ವಾಪಸಾದರೆ ‘ಸಿಗಲಿಲ್ಲ’ ಎಂದು ದಾಖಲಿಸುವುದು ಕೂಡ ಶಿಷ್ಟಾಚಾರವೇ. ಅದೊಂದು ಮಾತ್ರ ಶಾಸ್ತ್ರಿಗಳ ನೆನಪಿಗೆ ಬರುವುದು ಕಡಿಮೆ.

ನ್ಯಾಯವಾಗಿ ಹೇಳಬೇಕೆಂದರೆ ಈ ನಿಯಮಗಳಲ್ಲಿ ಹಲವು ಒಳ್ಳೆಯವೇ. ಡಬ್ಬಿಯಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದನ್ನೋ ಹೆಚ್ಚಿನದ್ದನ್ನೋ ಇಡಬೇಕು. ತಿನ್ನುವ ಪದಾರ್ಥ ಇಡಕೂಡದು. ನೆಲ ಅಗೆದು ಹೂಳಕೂಡದು. ಈ ಕೊನೆಯದು ನಮ್ಮ ದೇಶದಲ್ಲಿ ಮರ್ಯಾದೆಯನ್ನಷ್ಟೇ ಅಲ್ಲ, ಮೈಯನ್ನೂ ಕಾಯುತ್ತದೆ. ಮಣ್ಣಿನಡಿ ಹುದುಗಿದ, 10 ರೂಪಾಯಿಗೆ ಮೀರಿದ ಬೆಲೆಯ ಏನು ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕೆನ್ನುತ್ತದೆ 1878ರ ನಿಧಿ ಕಾಯ್ದೆ. ಪ್ಲಾಸ್ಟಿಕ್ ಡೈನೋಸಾರೊಂದನ್ನು ಹಿಡಿದು ಕಲೆಕ್ಟರ್ ಕಚೇರಿಯಲ್ಲಿ ಸರದಿಗೆ ನಿಂತ ಶಾಸ್ತ್ರಿಗಳನ್ನು ಊಹಿಸಿಕೊಳ್ಳಿ. ಕಾಯ್ದೆ ಹೋಗಲಿ, ಕರ್ನಾಟಕದ ಯಾವುದೇ ಹಳ್ಳಿಯಲ್ಲಿ ಪಾಳುಗುಡಿಯ ಹತ್ತಿರ ಗುದ್ದಲಿ ಹಿಡಿದವನನ್ನು ಜನ ನಿಧಿಗಳ್ಳನೆಂದು ಕಂಬಕ್ಕೆ ಕಟ್ಟಿದ ಮೇಲೆಯೇ ಹವ್ಯಾಸದ ವಿವರ ಕೇಳಿಯಾರು.

ಈಗ ಗುಟ್ಟಿನ ಮಾತು. ಅಹಮದಾಬಾದಿನ ಕೋಟೆಯೊಳಗಿನ ಊರು ಪೋಳ್ ಎಂಬ ಕೇರಿಗಳ ಊರು. 2017ರಲ್ಲಿ ಯುನೆಸ್ಕೊ ಅದನ್ನು ಭಾರತದ ಮೊದಲ ವಿಶ್ವ ಪರಂಪರೆಯ ನಗರವೆಂದು ಗುರುತಿಸಿದ್ದರಲ್ಲಿ ಈ ಪೋಳ್‌ಗಳ ಪಾಲು ದೊಡ್ಡದು. ಒಂದು ದಿಡ್ಡಿ ಬಾಗಿಲು, ಒಳಗೆ ಕವಲೊಡೆಯುವ ಓಣಿ, ಎಷ್ಟೋ ಕಡೆ ಮುಂದೆ ದಾರಿಯೇ ಇಲ್ಲ. ಪ್ರತಿ ಮನೆಯ ಮುಂದೆ ಓಟ್ಲೊ ಎಂಬ ಜಗಲಿ, ನಡುವೆಲ್ಲೋ ಹಕ್ಕಿಗೆ ಕಾಳು ಹಾಕುವ ಕೆತ್ತನೆಯ ಚಬೂತರೊ. ಪರಸ್ಥಳದವನು ತಿಳಿಯದಂತೆ ಒಳಬರಬಾರದು ಎಂಬ ಲೆಕ್ಕದಲ್ಲೇ ಬೆಳೆದ ವಾಸ್ತು ಇದು. ಇಲ್ಲಿ ಕಾಲಿಟ್ಟ ಅಪರಿಚಿತನಿಗೆ ಓಟ್ಲೊದಿಂದ ಬರುವ ಮೊದಲ ಪ್ರಶ್ನೆ, ‘ಕೋನಾ ಘರೇ ಜವು ಛೇ?’, ಯಾರ ಮನೆಗೆ ಹೋಗಬೇಕು? ಜಿಪಿಎಸ್ ಕೂಡ ಇಲ್ಲಿ ಶಾಸ್ತ್ರಿಗಳ ಕೈ ಬಿಡುತ್ತದೆ. ಎತ್ತರದ ಗೋಡೆಗಳಿಗೆ ಬಡಿದು ಬರುವ ಸಂಕೇತದಿಂದ ಅಂಕಿ ಹತ್ತಿಪ್ಪತ್ತು ಮೀಟರ್ ಆಚೀಚೆ ಜಾರಬಹುದು. ಕಾಡಿನಲ್ಲಿ ಹತ್ತಿಪ್ಪತ್ತು ಮೀಟರೆಂದರೆ ಎರಡು ಮರ. ಪೋಳಿನಲ್ಲಿ ಮೂರು ಮನೆ, ಮೂವರು ಅತ್ತೆಯರು, ಒಂದು ಜೈನ ದೇರಾಸರ. ಇಷ್ಟರ ನಡುವೆ ನಿಂತು ಲೇಸು ಕಟ್ಟುವವನನ್ನು ಯಾರೂ ನೋಡುತ್ತಿಲ್ಲವೆಂದು ಶಾಸ್ತ್ರಿಗಳು ನಂಬಿದ್ದಾರೆ. ಜನವರಿ 14ರ ಉತ್ತರಾಯಣದಂದು ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟದ ಕಡೆ ಮುಖ ಎತ್ತಿರುತ್ತದೆ. ಗುಟ್ಟಾಗಿ ಹುಡುಕಲು ವರ್ಷದಲ್ಲಿ ಅದೊಂದೇ ಸುದಿನ; ಅಂದು ಶಾಸ್ತ್ರಿಗಳೂ ತಾರಸಿಯ ಮೇಲೇ ಇರುತ್ತಾರೆ.

ನೋಡಿದರೆ ನೋಡಲಿ ಎಂದು ಬಿಡುವಂತೆಯೂ ಇಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸೈಕಲ್ಲು, ಟಿಫಿನ್ ಡಬ್ಬಿಗಳಲ್ಲಿಟ್ಟ ಬಾಂಬುಗಳು ಸಾಲಾಗಿ ಸಿಡಿದು 50ಕ್ಕೂ ಹೆಚ್ಚು ಜನ ಸತ್ತರು. ಮುಂದಿನ ದಿನಗಳಲ್ಲಿ ಸೂರತ್‌ನಲ್ಲಿ ಸಿಡಿಯದ ಬಾಂಬುಗಳು ಒಂದರ ಹಿಂದೊಂದು ಸಿಕ್ಕವು. ಆ ವಾರವನ್ನು ಕಂಡವರಿಗೆ, ಜನ ಓಡಾಡುವ ಕಡೆ ಒಬ್ಬ ಸುತ್ತಮುತ್ತ ನೋಡಿ ಡಬ್ಬಿಯೊಂದನ್ನು ಸಂದಿಗೆ ತುರುಕಿದ ಎಂದರೆ ಅದು ಆಟವಾಗಿ ಕಾಣಲು ಸಾಧ್ಯವೇ ಇಲ್ಲ, ಕಾಣಬೇಕಾಗಿಯೂ ಇಲ್ಲ. ಇದು ನಮ್ಮವರ ಅತಿಭಯವೇನಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಹೀಗೆ ಇಟ್ಟ ಒಂದು ಪುಟ್ಟ ಡಬ್ಬಿಯನ್ನು ಬಾಂಬ್ ನಿಷ್ಕ್ರಿಯ ದಳ ಬಂದು ಉಡಾಯಿಸಿತು. ಅನುಮಾನ ಹುಟ್ಟಿಸುವುದು ಡಬ್ಬಿಗಿಂತ ಹೆಚ್ಚಾಗಿ ಶಾಸ್ತ್ರಿಗಳ ಆ ಕಳ್ಳನೋಟ. ಎದೆ ಸೆಟೆಸಿ, ನಾಲ್ಕು ಜನರಿಗೆ ಕಾಣುವಂತೆ ಇಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಇದಕ್ಕೆ ಸಾಕ್ಷಿ ಸೂರತ್. ಮಹಿಧರಪುರದ ವಜ್ರದ ಪೇಟೆಯಲ್ಲಿ ದಲ್ಲಾಳಿಗಳು ಬೀದಿಯಲ್ಲೇ ಸ್ಕೂಟರ್ ಸೀಟಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿ, ಚಿಮಟದಲ್ಲಿ ಕಲ್ಲೆತ್ತಿ, ಕಣ್ಣಿಗೆ ಭೂತಗನ್ನಡಿ ಒತ್ತಿ ವ್ಯಾಪಾರ ಮಾಡುತ್ತಾರೆ. 2023ರ ಡಿಸೆಂಬರಿನಲ್ಲಿ ಭವ್ಯವಾದ ಡೈಮಂಡ್ ಬೋರ್ಸ್ ಕಟ್ಟಡ ಉದ್ಘಾಟನೆಯಾದ ಮೇಲೂ ಬೀದಿ ಬೀದಿಯೇ. ಲಕ್ಷಗಟ್ಟಲೆಯ ಮಾಲು ಬಯಲಲ್ಲಿ ನಿಶ್ಚಿಂತೆಯಾಗಿರುವುದು ಅಡಗಿಸಿಟ್ಟದ್ದರಿಂದಲ್ಲ. ಅಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು, ಎಲ್ಲರ ಕಣ್ಣೂ ಅದರ ಮೇಲಿದೆ. (ಬೆರಳ ತುದಿಯಷ್ಟೇ ಇರುವ ‘ನ್ಯಾನೋ’ ಡಬ್ಬಿಯ ಸುರುಳಿ ತೆಗೆಯಲೂ ಚಿಮಟ ಬೇಕು. ಭೂಮಿಯ ಮೇಲೆ ಶಾಸ್ತ್ರಿಗಳು ಅನುಮಾನಕ್ಕೆಡೆಯಿಲ್ಲದೆ ಕೂರಬಹುದಾದ ಒಂದೇ ಬೀದಿ ಮಹಿಧರಪುರದ್ದು; ಹೆಚ್ಚೆಂದರೆ ಯಾರಾದರೂ ಕ್ಯಾರೆಟ್ ಎಷ್ಟೆಂದು ಕೇಳಿಯಾರು.) ಅದೇ ಸೂರತ್‌ನಲ್ಲಿ ಗುಟ್ಟಾಗಿಟ್ಟ ಡಬ್ಬಿಯ ಗತಿ ನೋಡಿ. 1994ರ ಪ್ಲೇಗಿನ ತರುವಾಯ ಕಸ ಗುಡಿಸುವುದನ್ನು ಹಟದಿಂದ ಕಲಿತ ಊರು ಅದು. 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೋರ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. ಪೊರಕೆ ಹಿಡಿದವರ ಕಣ್ಣಿಗೆ ಕಟ್ಟೆಯ ಸಂದಿಯಲ್ಲಿ ಸಿಕ್ಕಿಸಿದ ಹಳೇ ಫಿಲ್ಮ್ ಡಬ್ಬಿ ಶುದ್ಧ ಕಸ. ಶಾಸ್ತ್ರಿಗಳು ‘ಮಗಲ್‌ಗಳು ಕದ್ದರು’ ಎಂದು ದಾಖಲಿಸುತ್ತಾರೆ. ಕದ್ದದ್ದಲ್ಲ, ಸಂಬಳಕ್ಕೆ ತಕ್ಕ ಕೆಲಸ ಮಾಡಿದ್ದು. ‘ಅದು ಇರಲಿ ಭಾಯಿ, ಹುಡುಗಾಟದ್ದು’ ಎಂದು ಒಂದು ಮಾತು ಹೇಳಿದ್ದರೆ ಆ ಡಬ್ಬಿ ಉಳಿಯುತ್ತಿತ್ತು.

ಶಾಸ್ತ್ರಿಗಳ ಮೊದಲ ಆಕ್ಷೇಪ ಗೊತ್ತಿದ್ದದ್ದೇ: ಎಲ್ಲರಿಗೂ ಹೇಳಿದರೆ ಆಟವೆಲ್ಲಿ ಉಳಿಯಿತು? ಹೇಳಬೇಕಾದದ್ದು ಎಲ್ಲರಿಗಲ್ಲ, ಆ ಜಾಗದವರಿಗೆ. ಹುಡುಕಲು ಬರುವವರು ಹೇಗೂ ಬೇರೆಯವರು. ಅವರ ಪಾಲಿನ ಒಗಟು ಹಾಗೇ ಇರುತ್ತದೆ. ಎರಡನೆಯದು, ಜಗತ್ತಿಗೆಲ್ಲ ಒಂದೇ ನಿಯಮ, ಗುಜರಾತಿಗೆ ವಿನಾಯಿತಿಯೇ? ಆ ಜಗತ್ತಿನ ನಿಯಮದಲ್ಲೇ ಜಾಗದ ಒಡೆಯರ ಅನುಮತಿ ಪಡೆಯಿರಿ ಎಂದಿದೆ. ಮಡಿಗೆ ಒಪ್ಪುವುದನ್ನು ಓದಿ ಒಪ್ಪದ್ದನ್ನು ಹಾರಿಸುವುದು ನಮ್ಮಲ್ಲಿ ಬಹಳ ಹಳೆಯ ಪಾಂಡಿತ್ಯ. ಮೂರನೆಯ ಆಕ್ಷೇಪ ಸ್ವಲ್ಪ ತೂಕದ್ದು: ಜನರಿಲ್ಲದ ಕಡೆಯೇ ಇಟ್ಟರಾಯಿತಲ್ಲ? ವಡೋದರಾದಲ್ಲಿ ಅಂಥ ಕಡೆ ಇದೆ, ವಿಶ್ವಾಮಿತ್ರಿ ನದಿಯ ದಂಡೆ. ಅಲ್ಲಿ ಜನ ಸುಳಿಯದಿರಲು ಕಾರಣ ಮೊಸಳೆಗಳು. ‘ಅಪಾಯಕಾರಿ ಪ್ರಾಣಿ’ ಎಂಬುದಕ್ಕೂ ಶಾಸ್ತ್ರದಲ್ಲಿ ಚಿಹ್ನೆ ಇದೆ ನಿಜ. ಆದರೆ 2024ರ ಆಗಸ್ಟ್ ಪ್ರವಾಹದಲ್ಲಿ ಮೊಸಳೆಗಳೇ ಬಡಾವಣೆಗಳಿಗೆ ಬಂದವು. ಡಬ್ಬಿ ಹುಡುಕಿಕೊಂಡು ಹೋದವರನ್ನು ಮೊಸಳೆ ಹುಡುಕಿಕೊಂಡು ಬರುವ ಊರಿನಲ್ಲಿ ಜನರ ನಡುವೆ ಇಡುವುದೇ ಕ್ಷೇಮ.

ಇಷ್ಟೆಲ್ಲ ಬೈದರೂ ಒಂದು ವಿಷಯದಲ್ಲಿ ಶಾಸ್ತ್ರಿಗಳಿಗೆ ತಲೆಬಾಗಬೇಕು. ಸೂರತ್‌ನ ಹಳೇ ಡಚ್ ಸ್ಮಶಾನಕ್ಕೆ ಹೋಗಿ ವಾನ್ ರೀಡೆಯ ಗೋರಿಯ ಮುಂದೆ ನಿಲ್ಲುವ ವ್ಯವಧಾನ ಇವತ್ತು ಯಾರಿಗಿದೆ? ಮಲಬಾರಿನ ಗಿಡಮರಗಳ ಬಗ್ಗೆ 12 ಸಂಪುಟಗಳ ‘ಹಾರ್ಟಸ್ ಮಲಬಾರಿಕಸ್’ ಮಾಡಿಸಿದ ಆ ಮನುಷ್ಯ 1691ರಲ್ಲಿ ಸತ್ತು ಇಲ್ಲಿ ಮಣ್ಣಾದ. ಅಂಥ ಸಂರಕ್ಷಿತ ಗೋರಿಯ ಮೇಲೆ ಡಬ್ಬಿ ಸಿಕ್ಕಿಸುವಂತಿಲ್ಲ. ಕಲ್ಲಿನ ಮೇಲಿನ ಇಸವಿ ಓದಿಸಿ, ಅದರಿಂದ ಲೆಕ್ಕ ಹಾಕಿಸಿ, ಡಬ್ಬಿಯನ್ನು ದೂರದ ಒಪ್ಪಿಗೆಯ ಜಾಗದಲ್ಲಿಡುವ ‘ಮಲ್ಟಿ’ ಹುಟ್ಟಿರುವುದೇ ಇಂಥ ಕಡೆಗೆ. ಮಾಲ್‌ಗೂ ಮನೆಗೂ ನಡುವೆ ಮಾತ್ರ ಓಡಾಡುವ ನಮ್ಮಂಥವರು ನೋಡದ ಚಬೂತರೊ, ಬಾವಿ, ಗೋರಿಗಳನ್ನು ಅವರು ನೋಡಿದ್ದಾರೆ. ನೋಡಿದ್ದೆಲ್ಲವನ್ನೂ ಬಗ್ಗಿ, ಕದ್ದು, ಅರ್ಧ ನಿಮಿಷದಲ್ಲಿ ನೋಡಿ ಓಡಿದ್ದಾರೆ ಎಂಬುದೇ ಬೇಸರ. ಆ ಚಬೂತರೊಗೆ ದಿನಾ ಕಾಳು ಹಾಕುವವರು ಯಾರೆಂದು ಕೇಳಿಲ್ಲ, ಕೇಳಿದರೆ ಮೈಲಿಗೆಯಾಗುತ್ತದೆ.

ಆದ್ದರಿಂದ ನನ್ನ ಸೂಚನೆ ಇಷ್ಟು: ಪೋಳಿನ ಡಬ್ಬಿ ಓಟ್ಲೊದ ಮೇಲೆ ಕೂತ ಯಾರಾದರೊಬ್ಬ ‘ಬಾ’ ಅವರ ವಶದಲ್ಲಿರಲಿ. ಅಜ್ಜಿ ಕದಿಯುವುದಿಲ್ಲ, ಮಳೆಗೆ ನೆನೆಯಲು ಬಿಡುವುದಿಲ್ಲ, ಪೊಲೀಸರು ಬಂದರೆ ಉತ್ತರ ಕೊಡುತ್ತಾರೆ. ಇದಕ್ಕೆ ಶಾಸ್ತ್ರಿಗಳು ಖಂಡಿತ ಕೇಳುವುದು ಒಂದೇ: ಕೇಳಿ ಪಡೆಯುವ ಡಬ್ಬಿಗೆ ಕಷ್ಟಾಂಕ ಎಷ್ಟು ಕೊಡುವುದು? ನೆಲಕ್ಕೆ ಒಂದು, ಓಟ್ಲೊ ಎರಡೇ ಮೆಟ್ಟಿಲು. ಹುಡುಕಾಟಕ್ಕೆ ಪೂರ್ತಿ ಐದು. ಊರು ಯಾವುದು, ಸಂಬಳ ಎಷ್ಟು, ಮಕ್ಕಳೆಷ್ಟು, ರಜೆಯ ದಿನ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಇಲ್ಲಿ ಡಬ್ಬಿಗೆ ಯಾಕೆ ಬಂದಿರಿ, ಇಷ್ಟಕ್ಕೂ ಸರಿಯಾದ ಉತ್ತರ ಕೊಟ್ಟ ಮೇಲಷ್ಟೇ ಬಾ ಒಳಗೆ ಹೋಗಿ ಡಬ್ಬಿ ತರುತ್ತಾರೆ.