ಕೈಗುಣದ ಕ್ಲಿನಿಕ್ಕು

ನಮ್ಮ ಸಿ.ವಿ. ರಾಮನ್ ನಗರದಲ್ಲಿ ಒಬ್ಬ ಡಾಕ್ಟರಿದ್ದಾರೆ. ಹೆಸರು ಬೇಡ. ‘ಕೈಗುಣದ ಡಾಕ್ಟರು’ ಎಂದರೆ ಆಟೋದವನೂ ಸೀದಾ ಬಾಗಿಲಿಗೇ ತಂದು ಬಿಡುತ್ತಾನೆ. ಆ ಕೈಯನ್ನು ಅವರು ಕೊನೆಯ ಸಲ ತೊಳೆದದ್ದು ಯಾವಾಗ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಮೊನ್ನೆ ಜ್ವರ ಬಂತೆಂದು ಹೋದೆ. ಟೋಕನ್ ನಲವತ್ತೊಂದು. ಬೆಳಕು ವಸ್ತುವಿನೊಳಗೆ ಹಾದುಹೋದಾಗ ಅದರಲ್ಲಿ ಒಂದಿಷ್ಟರ ತರಂಗಾಂತರ ಬದಲಾಗುತ್ತದೆಂದು 1928ರಲ್ಲಿ ತೋರಿಸಿಕೊಟ್ಟವರು ರಾಮನ್. ಅವರ ಹೆಸರಿನ ಬಡಾವಣೆಯ ಈ ಕ್ಲಿನಿಕ್ಕಿನಲ್ಲಿ ರೋಗಿಯ ಬಾಯಿಗೆ ಟಾರ್ಚಿನ ಬೆಳಕೂ ಬೀಳುವುದಿಲ್ಲ. ಹಾದುಹೋಗುವುದು ರೋಗಿ ಮಾತ್ರ. ನಾನು ‘ಜ್ವ...’ ಅನ್ನುವಷ್ಟರಲ್ಲಿ ಚೀಟಿಯಲ್ಲಿ ಐದು ಮಾತ್ರೆ ಇಳಿದಿದ್ದವು. ನನಗಿಂತ ಮುಂಚೆ ಹೋಗಿದ್ದು ಕಿವಿ ಸೋರುತ್ತಿದ್ದ ಹುಡುಗ. ಅವನ ಕಿವಿಯಿಂದ ಬಂದ ಬೆರಳು ನೇರವಾಗಿ ನನ್ನ ಗಂಟಲಿಗೆ ಬಂತು.

‘ಅವರು ಮುಟ್ಟಿದ್ರೆ ಸಾಕು ಕಣ್ರೀ, ಅರ್ಧ ಜ್ವರ ಹೋಗುತ್ತೆ’ ಎಂದರು ಪಕ್ಕದ ಮನೆಯ ಆಂಟಿ.

ಹೋಗುತ್ತೆ, ನಿಜ. ಮುಂದಿನ ಟೋಕನ್ನಿನವರಿಗೆ.

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಕೈ ತೊಳೆದು ಬನ್ನಿ ಎಂದು ಸಹೋದ್ಯೋಗಿಗಳಿಗೆ ಹೇಳಿದ. ಬಾಣಂತಿಯರ ಸಾವು ಇಳಿಯಿತು. ದೊಡ್ಡ ಡಾಕ್ಟರುಗಳು ಮುಖ ಊದಿಸಿಕೊಂಡರು. ಪಾಪ, ಆತ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಇಲ್ಲಿ ಹುಟ್ಟಿದ್ದರೆ ಅಷ್ಟು ಕಷ್ಟವಿರಲಿಲ್ಲ, ‘ಕೈಗುಣ ಸಾಲದು’ ಎಂದು ಜನ ಬರುವುದನ್ನೇ ನಿಲ್ಲಿಸುತ್ತಿದ್ದರು.

ಉತ್ಪ್ರೇಕ್ಷೆ ಅಲ್ಲ. ಎರಡು ಬೀದಿ ಆಚೆ ಒಬ್ಬ ಲೇಡಿ ಡಾಕ್ಟರು ಕೂರುತ್ತಿದ್ದರು. ಪ್ರತಿ ರೋಗಿಗೂ ಮುಂಚೆ ಕೈ ತೊಳೆಯುವುದು, ಹದಿನೈದು ನಿಮಿಷ ವಿಚಾರಿಸುವುದು, ಕೊನೆಗೆ ‘ವೈರಲ್ ಜ್ವರ, ಆಂಟಿಬಯೋಟಿಕ್ ಬೇಡ, ಗಂಜಿ ಕುಡಿದು ಮಲಗಿ’ ಎನ್ನುವುದು. ಗಂಜಿ ಕುಡಿಯೋಕೆ ಡಾಕ್ಟರ್ ಯಾಕೆ ಎಂದು ಬೀದಿ ತೀರ್ಪು ಕೊಟ್ಟಿತು. ಇಂಜೆಕ್ಷನ್ ಇಲ್ಲ, ಗ್ಲೂಕೋಸ್ ಇಲ್ಲ, ಅದೇನು ಕ್ಲಿನಿಕ್ಕು! ಈಗ ಅಲ್ಲಿ ಮೊಮೊ ಅಂಗಡಿ ಇದೆ. ಮೊಮೊ ಮಾಡುವ ಹುಡುಗ ಗ್ಲೌಸ್ ಹಾಕುತ್ತಾನೆ.

ಕಾನೂನು ಇಲ್ಲವೇ ಅಂದರೆ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ನೋಂದಣಿ ಪತ್ರ, ದರಪಟ್ಟಿ ಎದ್ದು ಕಾಣುವಂತೆ ಹಾಕಿರಬೇಕು. 2017ರಲ್ಲಿ ಅದನ್ನು ಬಿಗಿ ಮಾಡಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಸರ್ಕಾರ ಮೆತ್ತಗಾಯಿತು. ನಮ್ಮ ಕ್ಲಿನಿಕ್ಕಿನ ಗೋಡೆಯಲ್ಲಿ ಎದ್ದು ಕಾಣುವುದು ಔಷಧ ಕಂಪನಿಯ ಕ್ಯಾಲೆಂಡರು.

‘ದರಪಟ್ಟಿ ಎಲ್ಲಪ್ಪಾ?’ ಎಂದು ಕಾಂಪೌಂಡರನ್ನು ಕೇಳಿದೆ.

‘ಪಟ್ಟಿ ಯಾಕ್ ಸಾರ್, ನಾನೇ ಇದೀನಲ್ಲ. ನಾನೂರು ಕೊಡಿ.’

ರಾಮನ್ ಹೆಸರಿನ ಸರ್ಕಾರಿ ಆಸ್ಪತ್ರೆಗೆ ಹೋಗೋಣವೆಂದರೆ ಅದಿರುವುದು ಇಂದಿರಾನಗರದಲ್ಲಿ. ದೂರು ಕೊಡೋಣವೆಂದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವಿದೆ, ಆದರೆ ಆಂಟಿ ಬಿಡಬೇಕಲ್ಲ. ‘ದೇವರಂಥ ಡಾಕ್ಟರು, ಕೈಗೆ ಶಾಪ ತಟ್ಟೀತು!’

ಮುಂದಿನ ಸಲ ಟೋಕನ್ ತೆಗೆದುಕೊಳ್ಳುವ ಮೊದಲು ಡಾಕ್ಟರ ಕೋಣೆಯಲ್ಲಿ ಸಿಂಕ್ ಇದೆಯೇ ಎಂದು ಬಗ್ಗಿ ನೋಡಿ. ನಮ್ಮ ಡಾಕ್ಟರ ಕೋಣೆಯಲ್ಲೂ ಇದೆ. ಅದರ ತುಂಬ ಸ್ಯಾಂಪಲ್ ಔಷಧಿಗಳ ಡಬ್ಬಿ.