ದ್ವೀಪವಾಸಿ ನೋಂದಣಾಧಿಕಾರಿಗಳಿಗೆ ತಾಳ್ಯದಿಂದೊಂದು ಬಹಿರಂಗ ಪತ್ರ

ಸಾಗರಪರಿವೇಷ್ಟಿತವಾದ ಕಿರಿಬಾಟಿ, ಟುವಾಲು ಮೊದಲಾದ ದ್ವೀಪರಾಷ್ಟ್ರಗಳ ಜನನ-ಮರಣ ನೋಂದಣಾಧಿಕಾರಿಗಳ ಸನ್ನಿಧಾನಕ್ಕೆ, ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕು ತಾಳ್ಯ ಹೋಬಳಿಯ ನಿವಾಸಿಯೊಬ್ಬನ ವಿಜ್ಞಾಪನೆ.

ಏಷ್ಯಾ-ಪೆಸಿಫಿಕ್ ವಲಯದ ಸರ್ಕಾರಗಳು 2015ರಿಂದ 2024ರವರೆಗಿನ ದಶಕವನ್ನು ಈ ನೋಂದಣಿಯ ಸುಧಾರಣೆಗೆಂದೇ ಮುಡಿಪಿಟ್ಟರೂ, ದ್ವೀಪ ದ್ವೀಪಗಳ ನಡುವಣ ಕಡಲು ನಿಮ್ಮ ಲೆಕ್ಕಕ್ಕೆ ಅಡ್ಡಬರುತ್ತಿದೆಯೆಂದು ಕೇಳಿ ವ್ಯಸನವಾಯಿತು. ಮೂವತ್ತಮೂರು ದ್ವೀಪಗಳಲ್ಲಿ ಚೆದುರಿಹೋದ ಕಿರಿಬಾಟಿಯವರು ಲೆಕ್ಕ ತಪ್ಪಿದರೆ ಅದು ಸೋಜಿಗವಲ್ಲ. ಕಡಲಿನ ಗಾಳಿಯೂ ಸೋಕದ ಬಯಲುಸೀಮೆಯಲ್ಲಿ ಕುಳಿತು ಅದೇ ಫಲವನ್ನು ಸಾಧಿಸಿದ ನಮ್ಮ ಕೌಶಲವೇ ಸೋಜಿಗ. ಆದುದರಿಂದ ಅದರ ಕ್ರಮವನ್ನು ನಿವೇದಿಸುತ್ತೇನೆ.

ನಮ್ಮ ದೇಶದ 1969ರ ಜನನ-ಮರಣ ನೋಂದಣಿ ಕಾಯಿದೆ ಹಾಗೂ ಅದರ ನಿಯಮಗಳ ಮೇರೆಗೆ ಜನನವನ್ನಾಗಲಿ ಮರಣವನ್ನಾಗಲಿ 21 ದಿನಗಳೊಳಗೆ ತಿಳಿಸತಕ್ಕದ್ದು. ಹೆಸರಿಡದ ಕೂಸನ್ನು ಸಹ ಬರೆಸಬಹುದು. ನಮ್ಮ ಹಿರಿಯರು ಇಂಥ ಆತುರಕ್ಕೆ ಒಳಗಾದವರಲ್ಲ. ಕೂಸು ಬೆಳೆದು ಶಾಲೆಯ ಹೊಸ್ತಿಲಿಗೆ ಬಂದಾಗ, ಕೆರೆ ಕೋಡಿಬಿದ್ದ ವರುಷ, ರಾಗಿ ಕೊಯ್ಲಿನ ಹೊತ್ತು ಎಂಬ ತಾಯಿಯ ಸಾಕ್ಷ್ಯವನ್ನು ಮೇಷ್ಟರು ಸಾವಧಾನವಾಗಿ ಆಲಿಸಿ, ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಈಗ ಹೆರಿಗೆ ಆಸ್ಪತ್ರೆಗೆ ಹೋಗಿ, ವರದಿ ಮಾಡುವ ಭಾರವೂ ಆಸ್ಪತ್ರೆಯದೇ ಆಗಿ, 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಯಿಂದ ಮತದಾರರ ಪಟ್ಟಿಯವರೆಗೆ ಜನನ ಪತ್ರವೇ ಆಧಾರವಾಗಿ, ಆ ವಿದ್ಯೆ ಕ್ಷೀಣಿಸುತ್ತಿದೆ.

ಮರಣದಲ್ಲಾದರೋ ನಮ್ಮ ಕೀರ್ತಿ ಇನ್ನೂ ಮುಕ್ಕಾಗಿಲ್ಲ. ಮನೆಯಲ್ಲಿ ಸತ್ತವನನ್ನು ಬರೆಸುವ ಹೊಣೆ ಮನೆಯ ಯಜಮಾನನದು. ಅನೇಕ ವೇಳೆ ಸತ್ತವನೇ ಆ ಯಜಮಾನ. ಹೀಗಾಗಿ ಆ ಪುಣ್ಯಾತ್ಮನು ಪಹಣಿಯಲ್ಲಿ ಚಿರಂಜೀವಿಯಾಗಿ ಉಳಿದು, ಬೆಳೆ ಪರಿಹಾರವೋ ಸೊಸೈಟಿಯ ಸಾಲವೋ ಬೇಕಾಗಿ ಮೊಮ್ಮಕ್ಕಳು ವಂಶವೃಕ್ಷ ಹಿಡಿದು ಪೌತಿ ಖಾತೆಗೆ ಹೊರಟ ದಿನ ಮಾತ್ರ ಸಾಯುತ್ತಾನೆ. ವರುಷ ಮೀರಿತೋ, ಮಣ್ಣಿಗೆ ಬಂದಿದ್ದ ಊರವರೆಲ್ಲರ ಮಾತೂ ಸಾಲದು: ಮೊದಲು ಮ್ಯಾಜಿಸ್ಟ್ರೇಟರ ನ್ಯಾಯಾಲಯದ ಅಪ್ಪಣೆ ಬೇಕಿತ್ತು, 2023ರ ತಿದ್ದುಪಡಿಯ ತರುವಾಯ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗಳಂಥವರ ಅಪ್ಪಣೆ ಬೇಕು.

ಇದರಿಂದ ಲಭಿಸುವ ಸಿದ್ಧಾಂತವೇನೆಂದರೆ, ಮರಣವು ಆಸ್ತಿಯುಳ್ಳವರಿಗೆ ಮಾತ್ರ ಸಂಭವಿಸತಕ್ಕದ್ದು. ಗೇಣು ನೆಲವಿಲ್ಲದ ಕೂಲಿಯ ಮುದುಕಿಯ ಪತ್ರವನ್ನು ಯಾರೂ ಕೇಳುವುದಿಲ್ಲ, ಆದಕಾರಣ ಆಕೆ ಸತ್ತಿಲ್ಲ. ಮನೆಯಲ್ಲೇ ಹುಟ್ಟಿ ಮೂರು ದಿನ ಉಸಿರಾಡಿದ ಹಸುಳೆಯದನ್ನೂ ಕೇಳುವುದಿಲ್ಲ, ಆದಕಾರಣ ಅದು ಹುಟ್ಟಿಯೇ ಇಲ್ಲ. ಹಸುಳೆಗಳು ಯಾವ ಊರಿನಲ್ಲಿ ಏತರಿಂದ ಸಾಯುತ್ತವೆಂದು ತಿಳಿಯಬಯಸುವ ವೈದ್ಯನಿಗೆ ನಮ್ಮ ಪುಸ್ತಕವು, ಯಾರ ಹೊಲ ಯಾರಿಗೆ ಸೇರಿತೆಂಬುದನ್ನು ಮಾತ್ರ ತಪ್ಪದೆ ತಿಳಿಸುತ್ತದೆ.

ಕಡೆಯದಾಗಿ ಒಂದು ಪ್ರಾರ್ಥನೆ. ನೀವೇನಾದರೂ ದೋಣಿಯೇರಿ ಹೊರಟು, ಯಾರೂ ಕೇಳದ ಸಾವನ್ನು ನೀವಾಗಿಯೇ ವಿಚಾರಿಸಿ ಬರೆದುಕೊಳ್ಳುವ ಪದ್ಧತಿಯನ್ನು ಆರಂಭಿಸಿದ ಪಕ್ಷದಲ್ಲಿ, ಅದನ್ನು ದಯಮಾಡಿ ಗೋಪ್ಯವಾಗಿಡಿ. ನಮ್ಮ ಜನಕ್ಕೆ ತಿಳಿದರೆ, ಸತ್ತವರ ಮನೆಗೆ ಸರ್ಕಾರವೇ ನಡೆದು ಬರಲೆಂದು ಕೇಳಿಬಿಟ್ಟಾರು.

ಇತಿ ವಿಧೇಯ,
ಜೂನ್ 1ರಂದು ಹುಟ್ಟಿದವರಲ್ಲೊಬ್ಬ